ಬಾಗಿಲೊಳಗೆ ಬಿದ್ದ ನಟ್ಟು

ಈ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. "ಏನಪ್ಪಾ, ಬರೆಯೋದು ನಿಲ್ಲಿಸಿಬಿಟ್ಯಾ?" ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ಕಾರು! ಪ್ರತಿ ಶನಿವಾರ ಬೆಳಗ್ಗೆ ಯಶವಂತಪುರದಲ್ಲಿ ರೈಲು ಹತ್ತಿ ತಿಪಟೂರಲ್ಲಿ ಇಳಿಯೋದು, ತುರುವೇಕೆರೆ ಬಸ್ಸಲ್ಲಿ ನಮ್ಮೂರ ಗೇಟಿಗೆ ಹೋಗೋದು, ಭಾನುವಾರ ರಾತ್ರಿ ಉಗುರಲ್ಲಿ ಗ್ರೀಸ್ ಇಟ್ಕೊಂಡೇ ವಾಪಸ್ಸು ಬರೋದು. ಸೋಮವಾರ ಆಫೀಸಿನ ಮೀಟಿಂಗಲ್ಲಿ ಕೈ ಮೇಜಿನ ಕೆಳಗೆ :)

ಕಾರು ಅಂದ್ರೆ ನಮ್ಮ ತಾತನ ಅಂಬಾಸಿಡರ್. 1978ರ ಮಾರ್ಕ್ 3. ತಾತ ಅದನ್ನ 1986ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ರಂತೆ. ಹಿಂದಿನ ಸೀಟು ಕಿತ್ತು ಕೊಬ್ಬರಿ ಚೀಲ ತುಂಬಿ ತಿಪಟೂರು ಮಂಡಿಗೆ ಹೋಗ್ತಿದ್ದ ಗಾಡಿ ಅದು. ತಾತ ಹೋದ ಮೇಲೆ ಕೊಬ್ಬರಿ ಅಟ್ಟದ ಕೆಳಗೆ ನಿಂತಿದ್ದು ನಿಂತೇ ಇತ್ತು. ಡಿಕ್ಕಿಯಲ್ಲಿ ಕೋಳಿ ಮೊಟ್ಟೆ ಇಡ್ತಿತ್ತು.

ಅದನ್ನ ರಿಪೇರಿ ಮಾಡ್ತೀನಿ ಅಂತ ಅಪ್ಪ ವರ್ಷಗಟ್ಟಲೆ ಹೇಳ್ತಾನೇ ಇದ್ರು. ಅವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಆದ್ರೆ ಬೋರಿನ ಮೋಟರ್ ಬಿಚ್ಚಿ ಕೂರಿಸೋ ಕೈ ಅವರದು. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೀತು. ಮಾತು ಬಂತು, ನಡಿಗೆ ಬಂತು, ಬಲಗೈಗೆ ಮಾತ್ರ ಹಿಡಿತ ಬರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ವಾರ ನಾನು, "ಇನ್ನು ಆ ಕಾರನ್ನ ಗುಜರಿಗೆ ಕೊಟ್ಟುಬಿಡೋಣ" ಅಂದೆ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ನಾನೇ ಬಾನೆಟ್ ಎತ್ತಿದೆ.

ದೊಡ್ಡ ಕೆಲಸ ಕಷ್ಟ ಅಂತ ನಾನು ಅಂದ್ಕೊಂಡಿದ್ದೆ. 1489 ಸಿಸಿ ಇಂಜಿನ್ನು, ಗೇರ್ ಬಾಕ್ಸು... ಸುಳ್ಳು! ಅವಕ್ಕೆ ತಿಪಟೂರಲ್ಲಿ ಹಳೇ ಮೇಸ್ತ್ರಿ ಸಿಕ್ಕಿದ್ರು, ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಾಮಾನು ಸಿಕ್ತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತರೂ ಬಿಡಿಭಾಗಕ್ಕೆ ಅಷ್ಟೊಂದು ಬರ ಇಲ್ಲ. ಜೀವ ತಿಂದಿದ್ದು ಚಿಕ್ಕವು.

ಮೊದಲ ಏಟು ಒಂದು ಬೋಲ್ಟಿಂದ. ಹಳೇದು ತುಕ್ಕು ಹಿಡಿದು ಮುರೀತು. ಹಾರ್ಡ್‌ವೇರ್ ಅಂಗಡಿಯಿಂದ 8 ಎಂಎಂ ಬೋಲ್ಟ್ ತಂದೆ. ಎರಡು ಸುತ್ತು ನೆಟ್ಟಗೆ ಹೋಯ್ತು, ಆಮೇಲೆ ಬಿಗಿ. ಎಣ್ಣೆ ಕಡಿಮೆ ಅಂದ್ಕೊಂಡು ಜೋರು ಮಾಡ್ದೆ. ಮರೆ ಹಾಳಾಯ್ತು! ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮನೆತನದ್ದು, ಅದರದ್ದು ಇಂಚಿನ ಲೆಕ್ಕ. ಅಲ್ಲಿದ್ದದ್ದು 5/16 ಇಂಚು, ಅಂದ್ರೆ 7.94 ಎಂಎಂ. ದಪ್ಪದಲ್ಲಿ ವ್ಯತ್ಯಾಸ ಕೂದಲಷ್ಟೇ. ಆದ್ರೆ ಮರೆ ಒಂದರಲ್ಲಿ ಇಂಚಿಗೆ 24 ಸುತ್ತು, ಇನ್ನೊಂದರಲ್ಲಿ ಸುಮಾರು 20. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಇದನ್ನ ಓದಿ ಪಾಸಾದವನು ನಾನು. "ಕೈಯಲ್ಲಿ ನಾಲ್ಕು ಸುತ್ತು ಹೋಗದೇ ಇದ್ರೆ ಸ್ಪ್ಯಾನರ್ ಮುಟ್ಟಬಾರದು ಕಣೋ" ಅಂದ್ರು ಅಪ್ಪ. ಅಷ್ಟೇ ಪಾಠ.

ಆಮೇಲೆ ಮುಂದಿನ ಗಾಜಿನ ರಬ್ಬರು. ನಮ್ಮ ಮನೇಲಿ ಎಲ್ಲಾದಕ್ಕೂ ಕೊಬ್ಬರಿ ಎಣ್ಣೆ ತಾನೇ, ಹಚ್ಚಕ್ಕೆ ಹೋದೆ. "ರಬ್ಬರಿಗೆ ಎಣ್ಣೆ ಕುಡಿಸಿದ್ರೆ ಊದಿಕೊಳ್ಳುತ್ತೆ, ಸೋಪಿನ ನೀರು ತಗೊಂಬಾ" ಅಂದ್ರು. ಗಾಜಿಗೆ ರಬ್ಬರ್ ಹಾಕಿ, ಅದರ ಸಂದಿಯಲ್ಲಿ ಸುತ್ತಲೂ ದಾರ ಕೂರಿಸಿ, ಹೊರಗಿಂದ ಅಮ್ಮ ಅಂಗೈಲಿ ಗಾಜು ಒತ್ತಿ ಹಿಡಿದ್ರೆ, ಒಳಗಿಂದ ನಾನು ದಾರ ಎಳೀತಾ ಬರಬೇಕು. ದಾರ ಬಂದ ಹಾಗೆ ರಬ್ಬರಿನ ತುಟಿ ತಗಡಿನ ಅಂಚು ಹತ್ತಿ ಕೂರುತ್ತೆ. ಮೂರನೇ ಸಲಕ್ಕೆ ಕೂತಾಗ ಅಮ್ಮ, "ಹೋಳಿಗೆ ಅಂಚು ಒತ್ತಿದ ಹಾಗಾಯ್ತು" ಅಂದ್ರು.

ನಿಜವಾದ ಕಥೆ ಹೋದ ಭಾನುವಾರದ್ದು. ಡ್ರೈವರ್ ಬಾಗಿಲ ಹೊರಗಿನ ಹಿಡಿ. ಅದರ ನಟ್ಟನ್ನ ಬಾಗಿಲ ಹೊಟ್ಟೆಯೊಳಗಿಂದ ಹಾಕಬೇಕು. ಕಣ್ಣಿಗೆ ಕಾಣಲ್ಲ, ಎರಡು ಬೆರಳು ಬಿಟ್ರೆ ಏನೂ ಹೋಗಲ್ಲ. ಬೆರಳ ತುದಿಗೆ ಗ್ರೀಸ್ ಹಚ್ಚಿ ನಟ್ಟು ಅಂಟಿಸ್ಕೊಂಡು ಹೋದೆ. ಟಣ್! ಒಳಗೆ ಬಿತ್ತು. ಅದೊಂದೇ ಇದ್ದದ್ದು. ಟಾರ್ಚ್ ಬಿಟ್ಟೆ, ಕಾಣಲಿಲ್ಲ. ಒಂದು ಗಂಟೆ ಹುಡುಕಿ ಬೈಕೊಂಡು ಜಗಲಿ ಮೇಲೆ ಕೂತೆ.

ಅಪ್ಪ ಎದ್ದು ಬಂದ್ರು. ಎಡಗೈಲಿ ಬಾಗಿಲು ಹಿಡಿದು ಮೆಲ್ಲಗೆ ತೆಗೆದು ಹಾಕಿ, ತೆಗೆದು ಹಾಕಿ, ಕಿವಿ ಕೊಟ್ಟು ಕೇಳಿದ್ರು.

ನಮ್ಮ ಕಡೆಯವರಿಗೆ ಇದು ಗೊತ್ತು. ಉಂಡೆ ಕೊಬ್ಬರಿ ಆಗಬೇಕಾದ್ರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇರಬೇಕು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಒಡೆಯದೇ ತಿಳಿಯೋಕೆ ಇರೋದು ಒಂದೇ ದಾರಿ, ಅಲ್ಲಾಡಿಸಿ ಕೇಳೋದು. ಅಪ್ಪ ಐವತ್ತು ವರ್ಷದಿಂದ ಮಾಡಿದ್ದು ಅದನ್ನೇ.

"ಬೀಗದ ಕಡೆ ಅಲ್ಲ, ಕೀಲಿನ ಕಡೆ ಮೂಲೇಲಿದೆ" ಅಂದ್ರು. ತೆಂಗಿನಗರಿ ಕಡ್ಡಿಗೆ ಹಳೇ ಸ್ಪೀಕರಿನ ಅಯಸ್ಕಾಂತದ ಚೂರು ಕಟ್ಟಿ ಬಿಟ್ಟೆ. ಟಕ್ ಅಂತ ಅಂಟ್ಕೊಂಡು ಬಂತು!

ಮತ್ತೆ ಹಾಕಕ್ಕೆ ಹೋದ್ರೆ ಮತ್ತೆ ಜಾರ್ತು. ಆಗ ಅಪ್ಪ ಬಲಗೈ ಮುಂದೆ ಚಾಚಿದ್ರು... ಆಮೇಲೆ ನೆನಪಾದವರಂತೆ ಹಿಂದಕ್ಕೆ ತಗೊಂಡ್ರು. ನಾನು ಬೇರೆ ಕಡೆ ನೋಡ್ದೆ. "ರಿಂಗ್ ಸ್ಪ್ಯಾನರ್ ಒಳಗೆ ಪೇಪರ್ ಸಿಕ್ಕಿಸು, ನಟ್ಟು ಅಲ್ಲಾಡಲ್ಲ. ಕೊಡಿಲ್ಲಿ" ಅಂತ ಎಡಗೈ ಒಳಗೆ ಬಿಟ್ರು. ಕಣ್ಣು ಮುಚ್ಚಿದ್ರು. ಇಪ್ಪತ್ತು ನಿಮಿಷ ಆಗಿರಬೇಕು. ನಾಲ್ಕು ಸಲ ಕೇಳಬೇಕು ಅನ್ನಿಸ್ತು, "ನಾನು ಮಾಡ್ಲಾ?" ಅಂತ. ನಾಲ್ಕು ಸಲವೂ ಬಾಯಿ ಮುಚ್ಕೊಂಡೆ. ಆ ಕಾರಿಗೆ ನಾನು ಮಾಡಿದ ಒಳ್ಳೇ ಕೆಲಸ ಬಹುಶಃ ಅದೊಂದೇ.

"ಹತ್ತಿಕೊಳ್ತು" ಅಂದ್ರು ಅಪ್ಪ. ಬಿಗಿ ಮಾಡಿದ್ದು ನಾನು.

ಬಾಗಿಲು ಈಗಲೂ ಎರಡು ಸಲ ಬಡಿದ್ರೇನೇ ಹಾಕ್ಕೊಳ್ಳೋದು. ಹಾರನ್ ಇನ್ನೂ ಇಲ್ಲ. ತಾತನ ಹಾಗೆ ಇದರಲ್ಲೇ ಮಂಡಿಗೆ ಹೋಗಬೇಕು ಅಂತ ಅಪ್ಪನ ಹಟ, ಚೀಲ ಒಂದೇ ಇದ್ರೂ ಸರಿಯಂತೆ. ಹೋದ ದಿನ ಫೋಟೋ ಹಾಕ್ತೀನಿ.

ನಿಮ್ಮ ಮನೆ ಅಟ್ಟದ ಕೆಳಗೂ ಇಂಥದ್ದೇನಾದ್ರೂ ನಿಂತಿದೆಯಾ? ಗುಜರಿಗೆ ಹಾಕೋ ಮುಂಚೆ ಮನೆಯ ಹಿರಿಯರನ್ನ ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ.