ನಾಯಕನಿಗೂ ವಯಸ್ಸಾಗಲಿ ಬಿಡಿ

2025ರ ಬೇಸಿಗೆಯಲ್ಲಿ ಒಂದು ದಿನ ನಾನು ತುರುವನೂರಿಗೆ ಹೋಗಿದ್ದೆ. ಚಿತ್ರದುರ್ಗದಲ್ಲಿ ನನ್ನೊಡನೆ ಓದಿದ ಗೆಳೆಯರೊಬ್ಬರು ಆ ಊರಿನವರು, ನಿವೃತ್ತಿಯ ಅಂಚಿನಲ್ಲಿರುವ ಶಾಲಾ ಶಿಕ್ಷಕರು. ಅವರ ಮನೆಯಲ್ಲಿ ಊಟ ಮುಗಿಸಿ, ಬಸ್ಸಿಗಾಗಿ ಕಾಯುತ್ತಾ ಇಬ್ಬರೂ ಚಹಾದಂಗಡಿಯೊಂದರ ಬೆಂಚಿನ ಮೇಲೆ ಕುಳಿತಿದ್ದೆವು. ಅಂಗಡಿಯ ಗೋಡೆಯ ಮೇಲೆ ನಟ ಶಿವರಾಜಕುಮಾರ್ ಅವರ ಪೋಸ್ಟರ್ ಒಂದಿತ್ತು. ಅದರ ಕೆಳಗೆ ನಾಲ್ಕೈದು ಮಂದಿ ಯುವಕರೂ ಒಬ್ಬ ವೃದ್ಧರೂ ವಾದಕ್ಕಿಳಿದಿದ್ದರು. ಆ ವೃದ್ಧರು ಯೌವನದಲ್ಲಿ ಗರಡಿಯಲ್ಲಿ ಸಾಮು ಮಾಡಿದವರೆಂದು ಗೆಳೆಯರು ನನ್ನ ಕಿವಿಯಲ್ಲಿ ಹೇಳಿದರು.

"ಮೂವತ್ತು ಜನಾನ ಒಬ್ಬನೇ ಹೊಡೀತಾನೆ ಅಂತೀರಲ್ಲ, ಆ ವಯಸ್ಸಿನಾಗೆ ಮೂರು ಮೆಟ್ಲು ಹತ್ತಿದ್ರೆ ಏದುಸಿರು ಬರ್ತೈತಿ ಕಣ್ರೋ" ಎಂದರು ವೃದ್ಧರು.

"ತಾತ, ನಮ್ಮ ಶಿವಣ್ಣನಿಗೆ ವಯಸ್ಸೇ ಆಗಲ್ಲ" ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು. ಆ ವೃದ್ಧರು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ನೀವೇ ಹೇಳ್ರಿ ಫಾದರ್, ವಯಸ್ಸಾದ ಮೇಲೂ ಇವ್ರು ಹಿಂಗೇ ಬಡಿದಾಡ್ಬೇಕಾ?" ಎಂದು ಕೇಳಿದರು.

ಅಷ್ಟರಲ್ಲಿ ಬಸ್ಸು ಬಂದಿತು. ಉತ್ತರ ಹೇಳದೆಯೇ ಹತ್ತಿ ಕುಳಿತೆ. ಆದರೆ ಪ್ರಶ್ನೆ ನನ್ನೊಂದಿಗೆ ಬಸ್ಸು ಹತ್ತಿತ್ತು. ಗುರುವಾದವನಿಗೆ ಸಿನಿಮಾದ ಗೊಡವೆ ಏಕೆಂದು ನೀವು ಕೇಳಬಹುದು. ಓದುತ್ತಾ ಹೋದಂತೆ, ಇದು ಸಿನಿಮಾಕ್ಕಷ್ಟೇ ಸೇರಿದ ಪ್ರಶ್ನೆಯಲ್ಲವೆಂದು ನಿಮಗೂ ಅನ್ನಿಸೀತು.

ಆ ಹುಡುಗರ ಅಭಿಮಾನವನ್ನು ನಾನು ಹಗುರವಾಗಿ ಕಾಣಲಾರೆ. 1962ರಲ್ಲಿ ಜನಿಸಿದ ಶಿವರಾಜಕುಮಾರ್ ಅವರ 'ಭೈರತಿ ರಣಗಲ್' ಚಿತ್ರ 2024ರ ನವೆಂಬರ್‌ನಲ್ಲಿ ತೆರೆಕಂಡಿತು. ಮರುತಿಂಗಳೇ ಅವರು ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗಾಗಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದರು. 2025ರ ಜನವರಿಯಲ್ಲಿ ಬೆಂಗಳೂರಿಗೆ ಹಿಂದಿರುಗಿದಾಗ ಜನರು ಅವರನ್ನು ಸ್ವಾಗತಿಸಿದ ಬಗೆಯನ್ನು ನೀವೂ ದೂರದರ್ಶನದಲ್ಲಿ ನೋಡಿರಬಹುದು. ತನ್ನ ಕಾಯಿಲೆಯನ್ನು ಮುಚ್ಚಿಡದೆ ಹೇಳಿಕೊಂಡ ನಟನೊಬ್ಬ ಮರಳಿ ನಿಂತಾಗ, ಅದೇ ಕಾಯಿಲೆಯ ಹೆಸರು ಕೇಳಿ ಕುಗ್ಗಿದ್ದ ಎಷ್ಟೋ ಮನೆಗಳಿಗೆ ಧೈರ್ಯ ಬಂದಿರುತ್ತದೆ. ಆದ್ದರಿಂದ ಅವರು ಮತ್ತೆ ನಟಿಸಬಾರದೆಂದು ಹೇಳುವವನು ನಾನಲ್ಲ. ಆದರೆ ಒಂದು ವಿಷಯವನ್ನು ಗಮನಿಸಿ. ಆ ಧೈರ್ಯವನ್ನು ಕೊಟ್ಟದ್ದು ಗಾಯವೇ ಆಗದ ನಾಯಕನಲ್ಲ. ಗಾಯವಾಗಿ, ಇತರರ ಆರೈಕೆ ಪಡೆದು ಮರಳಿದ ಮನುಷ್ಯ.

ಚಿತ್ರದುರ್ಗದ ಸೀಮೆಯವರಿಗೆ ಇದು ಹೊಸ ಮಾತೇನಲ್ಲ. ನಮ್ಮ ಕೋಟೆಯ ಕಲ್ಲುಬಂಡೆಗಳ ನಡುವೆ ಚಿತ್ರೀಕರಣಗೊಂಡ, ತರಾಸು ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ನಾಗರಹಾವು' 1972ರ ಕೊನೆಯಲ್ಲಿ ಬಿಡುಗಡೆಯಾಯಿತು. ವಿಷ್ಣುವರ್ಧನ್ ನಾಯಕರಾದದ್ದು ಅದರಲ್ಲಿ. ಅಂಬರೀಶ್ ಚಿತ್ರರಂಗಕ್ಕೆ ಕಾಲಿಟ್ಟದ್ದೂ ಅದರಲ್ಲೇ. ಅದರ ರಾಮಾಚಾರಿ ಸಿಡುಕ, ಹಟಮಾರಿ, ಗಟ್ಟಿಗ. ಆದರೆ ಅವನು ಗೆಲ್ಲುವುದಿಲ್ಲ. ಪ್ರೀತಿಸಿದ ಗುರುಗಳಾದ ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಬೇಯುತ್ತಾನೆ, ಕೊನೆಗೆ ಬೆಟ್ಟದ ಮೇಲಿಂದ ಸಾವಿಗೆ ಜಾರುತ್ತಾನೆ. ಅರ್ಧ ಶತಮಾನ ಕಳೆದರೂ ಕೋಟೆ ನೋಡಲು ಬಂದವರು ರಾಮಾಚಾರಿಯ ಹೆಸರೆತ್ತದೆ ಮರಳುವುದಿಲ್ಲ. ನಾವು ಇಷ್ಟು ಕಾಲ ಎದೆಗಪ್ಪಿಕೊಂಡಿರುವುದು ಸೋತ ನಾಯಕನನ್ನು.

ನಂತರದ ವರ್ಷಗಳಲ್ಲಿ ಆ ಇಬ್ಬರೂ ಹೊಡೆದಾಟದ ನಾಯಕರಾಗಿ ಬೆಳೆದರು. ವಿಷ್ಣುವರ್ಧನ್ 1982ರ 'ಸಾಹಸಸಿಂಹ' ಚಿತ್ರದ ಹೆಸರನ್ನೇ ಬಿರುದಾಗಿ ಪಡೆದರು. ಅಂಬರೀಶ್ 1981ರ 'ಅಂತ'ದಿಂದ ರೆಬೆಲ್ ಸ್ಟಾರ್ ಎನಿಸಿಕೊಂಡರು. ಆದರೆ ಐವತ್ತರ ಆಸುಪಾಸಿನಲ್ಲಿ ವಿಷ್ಣುವರ್ಧನ್ ಅವರನ್ನು ಮನೆಮನೆಗೂ ಮತ್ತೆ ಹತ್ತಿರ ತಂದ ಚಿತ್ರಗಳು ಯಾವುವು? 2000ದ 'ಯಜಮಾನ'ದಲ್ಲಿ ಅವರು ತಮ್ಮಂದಿರಿಗಾಗಿ ಬದುಕನ್ನೇ ಸವೆಸುವ ಅಣ್ಣ. 2004ರ 'ಆಪ್ತಮಿತ್ರ'ದಲ್ಲಿ ಅವರು ಮನೋವೈದ್ಯ. ನೊಂದ ಒಂದು ಜೀವವನ್ನು ಅರ್ಥಮಾಡಿಕೊಂಡು ಗುಣಪಡಿಸುವುದೇ ಅಲ್ಲಿನ ಗೆಲುವು. ಸಿಂಹದ ಬಲ ಕುಂದಿರಲಿಲ್ಲ, ಬೇರೆ ಕೆಲಸಕ್ಕೆ ಬಂದಿತ್ತು. 2009ರ ಡಿಸೆಂಬರ್ 30ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ನಮ್ಮನ್ನಗಲಿದರು.

ಅಂಬರೀಶ್ ಅವರ ಕೊನೆಯ ವರ್ಷದ ಚಿತ್ರಕ್ಕಂತೂ 'ಅಂಬಿ ನಿಂಗ್ ವಯಸ್ಸಾಯ್ತೋ' ಎಂದೇ ಹೆಸರು. ತಮಿಳಿನ ಕಥೆಯೊಂದನ್ನು ಆಧರಿಸಿದ ಆ ಚಿತ್ರ 2018ರ ಸೆಪ್ಟೆಂಬರ್‌ನಲ್ಲಿ ಬಂದಿತು. ಅದರಲ್ಲಿ ಅವರು ಸಿನಿಮಾಗಳಲ್ಲಿ ಸಾಹಸ ಮಾಡಿ ನಿವೃತ್ತರಾದ ವೃದ್ಧ. ಮಗನ ಮನೆಯಲ್ಲಿ ಪ್ರೀತಿಯಿದ್ದರೂ ತನಗಲ್ಲಿ ಏನು ಕೆಲಸವೆಂದು ತಿಳಿಯದೆ, ಹಳೆಯ ಗೆಳತಿಯನ್ನು ಹುಡುಕಿಕೊಂಡು ಬೈಕ್ ಏರಿ ಹೊರಡುತ್ತಾರೆ. ಚಿತ್ರ ಬಿಡುಗಡೆಯಾಗಿ ಎರಡು ತಿಂಗಳು ತುಂಬುವ ಮುನ್ನ, ನವೆಂಬರ್ 24ರಂದು, ಅವರು ತೀರಿಕೊಂಡರು. ತನಗೆ ವಯಸ್ಸಾಯಿತೆಂದು ತೆರೆಯ ಮೇಲೆ ನಗುತ್ತಾ ಒಪ್ಪಿಕೊಳ್ಳಲು ಎದೆಗಾರಿಕೆ ಬೇಕು. ಮೂವತ್ತು ಜನರನ್ನು ಕೆಡವುವುದಕ್ಕಿಂತ ಅದು ಕಷ್ಟದ ಸಾಹಸವೆಂದೇ ನನ್ನ ಎಣಿಕೆ.

ಇನ್ನು ಡಾ. ರಾಜಕುಮಾರ್. ಒಂದು ಕಾಲಕ್ಕೆ 'ಜೇಡರ ಬಲೆ'ಯಂತಹ ಪತ್ತೇದಾರಿ ಸಾಹಸಚಿತ್ರಗಳ ನಾಯಕ. 1989ರ 'ಪರಶುರಾಮ್' ನಂತರ ಮೂರು ವರ್ಷ ಅವರ ಚಿತ್ರವೇ ಬರಲಿಲ್ಲ. 1992ರಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ, ಅವರು ಮರಳಿದ್ದು 'ಜೀವನ ಚೈತ್ರ'ದ ಮೂಲಕ. ಅಲ್ಲಿ ಅವರು ಹಳ್ಳಿಯನ್ನು ಮದ್ಯದ ಪಿಡುಗಿನಿಂದ ಬಿಡಿಸಲು ಹೆಣಗುವ ಹಿರಿಯ. ಆ ಚಿತ್ರಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಹೊಡೆದಾಟಕ್ಕಲ್ಲ, ನಟನೆಗೂ ಅಲ್ಲ, ಅದರಲ್ಲಿ ಹಾಡಿದ ಹಾಡಿಗೆ.

ಹಾಗಾದರೆ ಒಬ್ಬಂಟಿಯಾಗಿ ಎಲ್ಲರನ್ನೂ ಸೋಲಿಸುವ, ತಾನೆಂದೂ ಸೋಲದ ನಾಯಕನಲ್ಲಿ ದೋಷವೇನು? ಅದು ವಾಸ್ತವಕ್ಕೆ ದೂರವೆಂದು ಕೆಲವರು ಹೇಳುತ್ತಾರೆ. ದೊಡ್ಡಾಟ, ಬಯಲಾಟ ನೋಡಿ ಬೆಳೆದ ನಾಡಿನವರು ನಾವು. ಅತಿಮಾನುಷರು ನಮಗೆ ಹೊಸಬರಲ್ಲ. ನಿಜವಾದ ದೋಷ ಬೇರೆಯೇ ಇದೆ. ಅದು ನನಗೆ ತಿಳಿದದ್ದು ಚಿತ್ರಮಂದಿರದಲ್ಲಿ ಅಲ್ಲ, ದೇವಾಲಯದ ಅಂಗಳದಲ್ಲಿ. ಸ್ವಲ್ಪ ಸಂಕೋಚದಿಂದಲೇ ಅದನ್ನು ನಿಮ್ಮ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹೃದಯದ ರಕ್ತನಾಳವೊಂದಕ್ಕೆ ಸ್ಟೆಂಟ್ ಅಳವಡಿಸಿದರು. ಆರು ವಾರಗಳ ವಿಶ್ರಾಂತಿಯ ನಂತರ ಧರ್ಮಕೇಂದ್ರಕ್ಕೆ ಹಿಂದಿರುಗಿದೆ. ವಾರ್ಷಿಕ ಹಬ್ಬ ಹತ್ತಿರವಿತ್ತು. ನಾನಿಲ್ಲದಾಗ ಯುವಕರು, ತಾಯಂದಿರು, ಉಪದೇಶಿಗಳು ಸೇರಿ ಕೆಲಸಗಳನ್ನೆಲ್ಲ ಹಂಚಿಕೊಂಡಿದ್ದರು. ಅದನ್ನು ನೋಡಿ ಸಂತೋಷಪಡಬೇಕಾಗಿದ್ದ ನನ್ನ ಮನಸ್ಸಿಗೆ ಚುಚ್ಚಿದಂತಾಯಿತು. ನಾನಿಲ್ಲದೆಯೂ ನಡೆಯುತ್ತದೆಯಲ್ಲ! ಅಂದಿನಿಂದ ಎಲ್ಲವನ್ನೂ ಒಂದೊಂದಾಗಿ ನನ್ನ ಕೈಗೆ ಎಳೆದುಕೊಂಡೆ. ಚಂದಾ ಪುಸ್ತಕ ನನ್ನ ಬಳಿಗೆ ಬಂತು, ಧ್ವನಿವರ್ಧಕದವರೊಂದಿಗೆ ಚೌಕಾಸಿ ನನ್ನದಾಯಿತು, ಒಂಬತ್ತು ದಿನಗಳ ನೊವೇನಾದ ಪ್ರಬೋಧನೆಯೂ ನನ್ನದೇ. 'ಫಾದರ್ ಎಷ್ಟು ಗಟ್ಟಿಯಾಗಿದ್ದಾರೆ ನೋಡಿ' ಎಂದು ಜನರು ಹೇಳುವುದು ನನ್ನ ಕಿವಿಗೆ ಹಿತವಾಗಿತ್ತು.

ಧ್ವಜಾರೋಹಣದ ಹಿಂದಿನ ಸಂಜೆ ತೋರಣ ಕಟ್ಟಲು ಏಣಿಯನ್ನೂ ನಾನೇ ಏರಿದೆ. ಕೆಳಗೆ ಆರು ಮಂದಿ ಯುವಕರು ಕೈಕಟ್ಟಿ ನಿಂತಿದ್ದರು. ಐದನೆಯ ಮೆಟ್ಟಿಲಿನಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು. ಅವರಲ್ಲೊಬ್ಬ ಓಡಿಬಂದು ಹಿಡಿಯದಿದ್ದರೆ ಈ ಲೇಖನ ಬರೆಯಲು ನಾನು ಉಳಿಯುತ್ತಿರಲಿಲ್ಲವೇನೋ. ನೀರು ಕುಡಿಸಿ, ಬೆವರು ಒರೆಸಿದ ಮೇಲೆ, ದೇವಾಲಯದ ಕಸ ಗುಡಿಸುವ ಹಿರಿಯ ತಾಯಿಯೊಬ್ಬರು ನನ್ನ ಮುಂದೆ ಬಂದು ಕುಳಿತರು. "ಸ್ವಾಮಿ, ಎಲ್ಲಾನೂ ನೀವೊಬ್ರೇ ಮಾಡಿದ್ರೆ ನಾವ್ಯಾಕಿದ್ದೀವಿ? ಬರೀ ನೋಡೋಕಾ?" ಎಂದರು.

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಒಬ್ಬಂಟಿ ನಾಯಕನ ನಿಜವಾದ ದೋಷ ಇದು: ಅವನು ಉಳಿದವರೆಲ್ಲರನ್ನೂ ಬರಿಯ ನೋಡುಗರನ್ನಾಗಿ ಮಾಡುತ್ತಾನೆ. ಅವನು ದೊಡ್ಡವನಾಗಬೇಕಾದರೆ ಊರಿನವರೆಲ್ಲ ಅಸಹಾಯಕರಾಗಿಯೇ ಉಳಿಯಬೇಕು. ಅವನ ಗೆಳೆಯ ಸಾಯಬೇಕು, ತಂಗಿ ಅಳಬೇಕು, ಪೊಲೀಸರು ಕೊನೆಗೆ ಬರಬೇಕು. ಯೌವನದಲ್ಲಿ ಇದನ್ನು ಆಟವೆಂದು ಕ್ಷಮಿಸಬಹುದು. ಆದರೆ ವಯಸ್ಸಾದವರು ಅದೇ ಪಾತ್ರಕ್ಕೆ ಅಂಟಿಕೊಂಡರೆ, ಹಿಂದೆ ಬರುವವರಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ನಿಮ್ಮ ಮನೆಗಳನ್ನು ಒಮ್ಮೆ ನೋಡಿಕೊಳ್ಳಿ. ನಲವತ್ತು ದಾಟಿದ ಮಗನ ಕೈಗೆ ಇನ್ನೂ ಜಮೀನಿನ ಲೆಕ್ಕ ಕೊಡದ ತಂದೆ, ಸೊಸೆಯನ್ನು ಒಲೆಯ ಬಳಿ ಬಿಡದೆ ನಂತರ ಸೊಂಟನೋವೆಂದು ನರಳುವ ಅತ್ತೆ, ಇವರೂ ತಮ್ಮ ಮನೆಯ ತೆರೆಯ ಮೇಲೆ ಸೋಲದ ನಾಯಕರೇ ಅಲ್ಲವೇ? ಇನ್ನೊಂದು ಬದಿಯೂ ಇದೆ. ಅಪ್ಪನಿಗೆ ಏನೂ ಆಗುವುದಿಲ್ಲ, ಅಮ್ಮ ಎಲ್ಲವನ್ನೂ ನಿಭಾಯಿಸುತ್ತಾಳೆ ಎಂದು ನಂಬಿ ನೆಮ್ಮದಿಯಾಗಿರುವ ಮಕ್ಕಳು. 'ಅಣ್ಣನಿಗೆ ವಯಸ್ಸೇ ಆಗಲ್ಲ' ಎಂಬ ಮಾತಿನಲ್ಲಿ ಪ್ರೀತಿ ಇದೆ ನಿಜ. ಆದರೆ ಅದರ ಮರೆಯಲ್ಲಿ ನಮ್ಮ ಸೋಮಾರಿತನವೂ ಅಡಗಿರಬಹುದು. ಅಣ್ಣನಿಗೆ ವಯಸ್ಸಾಗದಿದ್ದರೆ ತಮ್ಮ ಹೆಗಲು ಕೊಡಬೇಕಾಗಿಲ್ಲವಲ್ಲ!

ಪವಿತ್ರ ಬೈಬಲಿನಲ್ಲಿ ಒಂಟಿ ವೀರನೆಂದರೆ ನೆನಪಾಗುವವನು ದಾವೀದ. ಕವಣೆ ಹಿಡಿದು ಗೊಲ್ಯಾತನನ್ನು ಕೆಡವಿದ ಆ ಬಾಲಕನ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಅದೇ ದಾವೀದನಿಗೆ ವಯಸ್ಸಾದಾಗ ಏನಾಯಿತೆಂಬುದನ್ನು ನಾವು ಅಷ್ಟಾಗಿ ಓದುವುದಿಲ್ಲ. ಸಮುವೇಲನ ಎರಡನೆಯ ಗ್ರಂಥದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅದು ಇದೆ. ಫಿಲಿಷ್ಟಿಯರೊಡನೆ ಮತ್ತೆ ಯುದ್ಧ. ಅರಸ ಮತ್ತೆ ರಣರಂಗಕ್ಕೆ ಇಳಿಯುತ್ತಾನೆ. ಆದರೆ ದಣಿದುಹೋಗುತ್ತಾನೆ. ಮತ್ತೊಬ್ಬ ದೈತ್ಯ ಅವನನ್ನು ಕೊಲ್ಲಲು ಹೊರಟಾಗ ಅಬೀಷೈ ಎಂಬವನು ಅಡ್ಡಬಂದು ಕಾಪಾಡುತ್ತಾನೆ. ಆಗ ಅವನ ಜನರು ಆಣೆಯಿಟ್ಟು ಹೇಳುತ್ತಾರೆ: ಇನ್ನು ನೀವು ನಮ್ಮೊಡನೆ ಯುದ್ಧಕ್ಕೆ ಬರಕೂಡದು, ಇಸ್ರಯೇಲಿನ ದೀಪ ಆರಿಹೋಗಬಾರದು.

ಆ ಜನರು ಅವನನ್ನು ಮುದುಕನೆಂದು ಹಂಗಿಸಲಿಲ್ಲ, ದೀಪವೆಂದು ಕರೆದರು. ಮುಂದಿನ ಸಾಲುಗಳಲ್ಲಿ ಇನ್ನೂ ಮೂವರು ದೈತ್ಯರು ಉರುಳುತ್ತಾರೆ, ಒಬ್ಬೊಬ್ಬರೂ ಬೇರೆ ಬೇರೆಯವರ ಕೈಯಿಂದ. ದಾವೀದ ಹಿಂದೆ ಸರಿದದ್ದರಿಂದಲೇ ಆ ಹೆಸರುಗಳು ಗ್ರಂಥಕ್ಕೆ ಸೇರಿದವು. ಅದರ ಮುಂದಿನ ಅಧ್ಯಾಯದಲ್ಲಿರುವುದು ದಾವೀದನ ಹಾಡು.

ಹಾಲಿವುಡ್ಡಿನಲ್ಲೂ ಇಂತಹದೊಂದು ಉದಾಹರಣೆಯುಂಟು. ಬಂದೂಕಿನ ನಾಯಕನೆಂದೇ ಹೆಸರಾದ ಕ್ಲಿಂಟ್ ಈಸ್ಟ್‌ವುಡ್ 2008ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, 'ಗ್ರ್ಯಾನ್ ಟೊರಿನೊ' ಎಂಬ ಚಿತ್ರವನ್ನು ನಿರ್ದೇಶಿಸಿ ನಟಿಸಿದರು. ಅದರ ಮುಂಗೋಪಿ ವೃದ್ಧ ಮಾಜಿ ಸೈನಿಕ. ನೆರೆಮನೆಯ ವಲಸಿಗ ಕುಟುಂಬವನ್ನು ಪುಂಡರ ಗುಂಪೊಂದು ಕಾಡುತ್ತದೆ. ಹಳೆಯ ಲೆಕ್ಕದಂತೆ ಅವನು ಬಂದೂಕು ಹಿಡಿದು ಎಲ್ಲರನ್ನೂ ಮುಗಿಸಬೇಕಾಗಿತ್ತು. ಆದರೆ ಅವನು ಬರಿಗೈಯಲ್ಲಿ ಹೋಗಿ ನಿಲ್ಲುತ್ತಾನೆ, ಗುಂಡೇಟಿಗೆ ಬೀಳುತ್ತಾನೆ, ಆ ಸಾವಿನಿಂದಲೇ ಪುಂಡರು ಕಾನೂನಿನ ಕೈಗೆ ಸಿಗುತ್ತಾರೆ. ಸೇಡಿಗೆ ಹೊರಟಿದ್ದ ನೆರೆಮನೆಯ ಹುಡುಗನನ್ನು ಅವನು ಮೊದಲೇ ಕೂಡಿಹಾಕಿ ಹೋಗಿರುತ್ತಾನೆ, ಆ ಎಳೆಯ ಕೈಗೆ ರಕ್ತ ಅಂಟಬಾರದೆಂದು.

ಮತ್ತೆ ತುರುವನೂರಿಗೆ ಬರೋಣ. ಆ ಊರಿಗೆ ತನ್ನದೇ ಆದ ಸಾಹಸಕಥೆಯಿದೆ, ಅದು ಯಾವ ಪೋಸ್ಟರಿನಲ್ಲೂ ಇಲ್ಲ. 1939ರ ಅರಣ್ಯ ಸತ್ಯಾಗ್ರಹದಲ್ಲಿ ಜನರು ಕಾನೂನು ಮುರಿದು, ಹೆಂಡಕ್ಕೆ ಮೂಲವಾದ ಈಚಲು ಮರಗಳನ್ನು ಕಡಿದು ಬಂಧನಕ್ಕೆ ಒಳಗಾದದ್ದು ಅಲ್ಲಿಯೇ. ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರ ಹೆಸರು ಆ ಹೋರಾಟದೊಂದಿಗೆ ಸೇರಿಕೊಂಡಿದೆ. ಆದರೆ ಮರ ಕಡಿದ ಕೊಡಲಿಗಳು ಹಲವು. ತೆರೆಯ ಮೇಲೆ ಹೆಂಡದ ವಿರುದ್ಧ ಒಬ್ಬ ಹಿರಿಯ ನಿಂತರೆ ಚಪ್ಪಾಳೆ ಬೀಳುತ್ತದೆ. ತುರುವನೂರಿನಲ್ಲಿ ಚಪ್ಪಾಳೆ ತಟ್ಟಲು ಯಾರೂ ಉಳಿದಿರಲಿಲ್ಲ, ಕೈಗಳೆಲ್ಲ ಕೊಡಲಿ ಹಿಡಿದಿದ್ದವು.

ಆದ್ದರಿಂದ, ಚಹಾದಂಗಡಿಯ ಯಜಮಾನರೇ, ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತಿದ್ದೇನೆ. ನಿಮ್ಮ ನಾಯಕ ಮರಳಿ ಬರಲಿ, ಬೇಕಾದರೆ ಹೊಡೆದಾಡಲಿ. ಆದರೆ ಅವನಿಗೂ ಏದುಸಿರು ಬರಲಿ. ಏಟು ಬಿದ್ದಾಗ ಅವನು ಒಮ್ಮೆ ಕುಳಿತುಕೊಳ್ಳಲಿ, ಪಕ್ಕದಲ್ಲಿ ಒಬ್ಬ ಹುಡುಗ ಎದ್ದು ನಿಲ್ಲಲಿ. ಆ ಹುಡುಗನ ಹೆಗಲ ಮೇಲೆ ಅವನು ಕೈಯಿಡುವ ದೃಶ್ಯಕ್ಕೆ ನಾನೂ ಟಿಕೆಟ್ ಕೊಂಡು ಬರುತ್ತೇನೆ.

ಪ್ರಿಯ ಓದುಗರೇ, ಕಳೆದ ವರ್ಷದ ಹಬ್ಬದಲ್ಲಿ ನಾನು ಏಣಿ ಹತ್ತಲಿಲ್ಲ. ಕೆಳಗೆ ನಿಂತು ಅದನ್ನು ಹಿಡಿದುಕೊಂಡಿದ್ದೆ. ಅಂದು ನನ್ನನ್ನು ಬೀಳದಂತೆ ಹಿಡಿದ ಯುವಕನೇ ಮೇಲೆ ಹತ್ತಿ ತೋರಣ ಕಟ್ಟಿದ. ಅದು ಒಂದು ಕಡೆ ಸ್ವಲ್ಪ ಜೋತುಬಿದ್ದಿತ್ತು. ಸರಿಪಡಿಸೆಂದು ಹೇಳಲು ನಾಲಿಗೆ ತುರಿಸಿತು, ಸುಮ್ಮನಾದೆ. ನಿಮ್ಮ ಮನೆಯಲ್ಲಿ ನೀವು ಬಿಟ್ಟುಕೊಡಬೇಕಾದ ಏಣಿ ಯಾವುದೆಂದು ನಿಮಗಿಂತ ಚೆನ್ನಾಗಿ ಬಲ್ಲವರಾರು?