ತತ್ಕಾಲೀನ ಕಾರಣ

ಏಪ್ರಿಲ್ 19, ಗೆಂಟ್, ಬೆಲ್ಜಿಯಂ

ಮಳೆ. ಮಗ ಆಫೀಸಿಗೆ ಹೋದ. ಬರುವ ವರ್ಷದ ಹತ್ತನೇ ತರಗತಿಗೆಂದು ತಂದ ಟಿಪ್ಪಣಿ ತೆಗೆದೆ. ಮೊದಲನೆಯ ಮಹಾಯುದ್ಧದ ಕಾರಣಗಳು: ಸೈನಿಕ ಕೂಟಗಳು, ಶಸ್ತ್ರಾಸ್ತ್ರ ಪೈಪೋಟಿ, ಉಗ್ರ ರಾಷ್ಟ್ರೀಯತೆ, ಸಾಮ್ರಾಜ್ಯಶಾಹಿ. ತತ್ಕಾಲೀನ ಕಾರಣ: ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ. ಇಪ್ಪತ್ತೆರಡು ವರ್ಷ ಇದನ್ನೇ ಬೋರ್ಡಿಗೆ ಬರೆದಿದ್ದೇನೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ.

ಕೊಲೆಯಾದದ್ದು 1914ರ ಜೂನ್ 28. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿದ್ದು ಜುಲೈ 28. ನಡುವಿನ ಒಂದು ತಿಂಗಳನ್ನು ನಾನು ಒಮ್ಮೆಯೂ ಪಾಠ ಮಾಡಿಲ್ಲ.

ರಾತ್ರಿ 11

ಆ ತಿಂಗಳ ಬಗ್ಗೆಯೇ ಓದಿದೆ. ನಿಮ್ಮ ಬೆನ್ನಿಗೆ ನಾವಿದ್ದೇವೆ ಎಂದು ಬರ್ಲಿನ್ ವಿಯೆನ್ನಾಕ್ಕೆ ಮಾತು ಕೊಟ್ಟಿತು. ರಷ್ಯಾ ಸೈನ್ಯ ಸಜ್ಜುಮಾಡಿತು. ಫ್ರಾನ್ಸನ್ನು ಮೊದಲು ಮುಗಿಸಬೇಕು ಎಂಬ ಜರ್ಮನಿಯ ಯೋಜನೆ ಹಳೆಯದು, ದಾರಿ ಬೆಲ್ಜಿಯಂ ಮೇಲೆ. ಆಗಸ್ಟ್ 4ಕ್ಕೆ ಇಲ್ಲಿಗೆ ನುಗ್ಗಿದರು. ಅದೇ ದಿನ ಬ್ರಿಟನ್ ಯುದ್ಧಕ್ಕಿಳಿಯಿತು. ಅದರ ಜೊತೆಗೇ ಅದರ ಆಳ್ವಿಕೆಯಲ್ಲಿದ್ದ ನಾವೂ. ನಮ್ಮವರನ್ನು ಯಾರೂ ಕೇಳಲಿಲ್ಲ.

ತಡೆಯಬಹುದಿತ್ತೆ? ಯಾರು ತಡೆಯಬೇಕಿತ್ತು? ನಿದ್ದೆ ಹತ್ತುತ್ತಿಲ್ಲ.

ಏಪ್ರಿಲ್ 20, ಐಸರ್ ನದಿಯ ದಂಡೆ

ಬೆಲ್ಜಿಯನ್ನರ ಕಂದಕ. 'ಸಾವಿನ ಕಂದಕ' ಎಂದೇ ಹೆಸರು. 1914ರ ಅಕ್ಟೋಬರಿನಲ್ಲಿ ನ್ಯೂಪೋರ್ಟಿನ ತೂಬು ತೆಗೆದು ಸಮುದ್ರದ ನೀರನ್ನು ಹೊಲಗಳಿಗೆ ಬಿಟ್ಟರು. ಜರ್ಮನ್ನರು ಅಲ್ಲೇ ನಿಂತರು. ಆಮೇಲೆ ನಾಲ್ಕು ವರ್ಷ ಇಬ್ಬರೂ ಬಹುಪಾಲು ನಿಂತಲ್ಲೇ.

ಒಳಗೆ ಇಳಿದೆ. ಮರಳುಚೀಲಗಳು ಉಳಿಯಲೆಂದು ಅವನ್ನು ಸಿಮೆಂಟಿನಲ್ಲಿ ಗಟ್ಟಿ ಮಾಡಿದ್ದಾರೆ. ಹತ್ತು ಹೆಜ್ಜೆಗೆ ಒಂದು ತಿರುವು. ಶೆಲ್ ಬಿದ್ದರೆ ಒಂದೇ ತುಂಡಿನವರು ಸಾಯಲಿ, ಉಳಿದವರು ಬದುಕಲಿ ಎಂದು ಹೀಗೆ ಅಂಕುಡೊಂಕು ಅಗೆಯುತ್ತಿದ್ದರಂತೆ. ತಿರುವಿನ ಗೋಡೆಗೆ ಕೈಯಿಟ್ಟೆ. ತಣ್ಣಗಿತ್ತು. ಎದುರಿನವರು ಕೂಗಿದರೆ ಕೇಳುವಷ್ಟೇ ದೂರ.

ಹೊರಗೆ ಮಣ್ಣು ನಮ್ಮ ಗದಗಿನ ಎರಿಯ ಹಾಗೆ ಬೂಟಿಗೆ ಮೆತ್ತಿಕೊಂಡಿತು. "ಅವ್ವಾ, ಹುಷಾರು, ಜಾರ್ತದ" ಎಂದು ಮಗ ಕೈ ಹಿಡಿದ. ಅಗೆದರೆ ಸ್ವಲ್ಪದರಲ್ಲೇ ನೀರು. ಅದರಲ್ಲೇ ನಿಂತು ಸೈನಿಕರ ಕಾಲು ಕೊಳೆಯುತ್ತಿತ್ತು.

ಏಪ್ರಿಲ್ 21

ಮೈಕೈ ನೋವು. ಸೊಸೆ ರೊಟ್ಟಿ ಬಡಿದಳು. ಏನೂ ಬರೆಯಬೇಕೆನಿಸುತ್ತಿಲ್ಲ.

ಏಪ್ರಿಲ್ 22, ಈಪರ್

1915ರಲ್ಲಿ ಇದೇ ದಿನ, ಸಂಜೆ ಐದರ ಸುಮಾರಿಗೆ, ಈ ಊರಿನ ಉತ್ತರಕ್ಕೆ ಜರ್ಮನ್ನರು ಕ್ಲೋರಿನ್ ಬಿಟ್ಟರು. ಗಾಳಿ ತಮ್ಮ ಕಡೆಯಿಂದ ಬೀಸಲೆಂದು ದಿನಗಟ್ಟಲೆ ಕಾದಿದ್ದರು. ಮೊದಲು ಸಿಕ್ಕವರು ಫ್ರೆಂಚರು, ಅವರ ಜೊತೆಗಿದ್ದ ಅಲ್ಜೀರಿಯಾದವರು.

ರಾತ್ರಿ ಎಂಟಕ್ಕೆ ಮೆನಿನ್ ಗೇಟ್ ಎಂಬ ಸ್ಮಾರಕ ದ್ವಾರದಲ್ಲಿ ಕಹಳೆ. ಗೋರಿಯೇ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರು ಗೋಡೆಯ ಮೇಲೆ. ಹುಡುಕುತ್ತ ಹುಡುಕುತ್ತ ಸಿಂಗ್, ಖಾನ್, ರಾಮ್ ಕಂಡೆ. ಕುತ್ತಿಗೆ ನೋಯುವವರೆಗೆ ಓದಿದೆ. ಅಳು ಬಂತು. ಮಗನಿಗೆ ಕಾಣದಂತೆ ಒರೆಸಿಕೊಂಡೆ.

ಏಪ್ರಿಲ್ 24, ಬೆಳಗಿನ ಜಾವ

ಇಬ್ಬರು ಅಣ್ಣತಮ್ಮಂದಿರ ವಿಷಯ ಓದಿ ಎರಡು ದಿನದಿಂದ ಅದೇ ಗುಂಗು. ಮೀರ್ ಮಸ್ತ್, ಮೀರ್ ದಸ್ತ್. ವಾಯವ್ಯ ಗಡಿಯ ಅಫ್ರಿದಿಗಳು. ಇಬ್ಬರೂ ಬ್ರಿಟಿಷ್ ಹಿಂದೂಸ್ತಾನದ ಸೈನ್ಯದಲ್ಲಿ ಜಮಾದಾರರು. 1915ರ ಮಾರ್ಚ್ ಆರಂಭದಲ್ಲಿ ಮಸ್ತ್ ಒಂದು ರಾತ್ರಿ ಹತ್ತಕ್ಕೂ ಹೆಚ್ಚು ಜೊತೆಗಾರರೊಂದಿಗೆ ಕಂದಕ ದಾಟಿ ಜರ್ಮನ್ನರ ಕಡೆ ಹೋದ. ಏಪ್ರಿಲ್ 26ರಂದು ಈಪರ್ ಬಳಿ ದಸ್ತ್ ವಿಷಾನಿಲದ ನಡುವೆಯೇ ನಿಂತು, ಗುಂಡಿನ ಮಳೆಯಲ್ಲಿ ಎಂಟು ಅಧಿಕಾರಿಗಳನ್ನು ಹೊತ್ತು ತರಲು ನೆರವಾದ. ಬ್ರಿಟಿಷರ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು.

ಮಸ್ತ್ ಏಕೆ ಹೋದ? ಜರ್ಮನಿಯ ಪಕ್ಷ ಸೇರಿದ್ದ ತುರ್ಕಿಯ ಖಲೀಫನಿಗೆ ಎದುರಾಗಲಾರದೆ? ಚಳಿಗೆ ಬೇಸತ್ತು? ದಸ್ತ್ ಏಕೆ ಉಳಿದ? ತಮ್ಮದಲ್ಲದ ಜಗಳಕ್ಕೆ ಬಂದವರು. ಯಾರು ತಪ್ಪು ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಏಪ್ರಿಲ್ 26

ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆದೆವು. ಆಲೂಗಡ್ಡೆ ಹಾಕಲು ಉತ್ತಿದ್ದರು. ಕರೆಂಟ್ ಕಂಬದ ಬುಡದಲ್ಲಿ ತುಕ್ಕು ಹಿಡಿದ ಒಂದು ಶೆಲ್, ತೆಂಗಿನಕಾಯಿಗಿಂತ ಉದ್ದ. ಉಳುವಾಗ ಸಿಕ್ಕಿದ್ದನ್ನು ರೈತರು ಹೀಗೆ ದಾರಿ ಬದಿ ಇಡುತ್ತಾರೆ, ಸೇನೆಯವರು ಬಂದು ಒಯ್ಯುತ್ತಾರೆ. ಮಗ ನನ್ನನ್ನು ಹಿಂದಕ್ಕೆಳೆದ.

ರಾತ್ರಿ

ಪಾಠದ ಟಿಪ್ಪಣಿ ಹೊಸದಾಗಿ ಬರೆಯುತ್ತಿದ್ದೇನೆ. ಮೊದಲು ಜುಲೈ ತಿಂಗಳು. ಆಮೇಲೆ ಆ ಇಬ್ಬರು. ಐದು ಅಂಕಕ್ಕೆ ಹಿಡಿಸದಿದ್ದರೂ ಸರಿ, ಹೇಳಲೇಬೇಕು. ಮೀರ್ ದಸ್ತ್ ಆ ಅನಿಲ ಹೊಕ್ಕ ಎದೆಯಲ್ಲೇ ಮೂವತ್ತು ವರ್ಷ ಉಸಿರಾಡಿದ. ಎರಡನೆಯ ಮಹಾಯುದ್ಧ ಮುಗಿಯುವ ಮೊದಲು, 1945ರ ಜನವರಿಯಲ್ಲಿ ತೀರಿಕೊಂಡ.