ಗಾಂಧಾರಿ ಎಲ್ಲಿ?

ಜನವರಿ 11, ಸೊಲ್ಲಾಪುರ

ಸಿದ್ಧೇಶ್ವರ ಜಾತ್ರೆಗೆ ಊರು ತುಂಬುವ ಮೊದಲೇ ಹಳೇ ಸಾಮಾನಿನ ಅಂಗಡಿಗೆ ಹೋಗಿಬಂದೆ. ಗಂಗೂಬಾಯಿ ಹಾನಗಲ್ಲರ ನಾಲ್ಕು ಸಿಡಿಗಳ ಪೆಟ್ಟಿಗೆ ಸಿಕ್ಕಿತು. ಮೇಲೆ ಜೀವಮಾನದ ಗಾಯನ ಎಂಬಂಥ ದೊಡ್ಡ ಮಾತು. ರಾತ್ರಿ ಕೇಳಿದೆ. ಹಾಡಿಕೆ ಒಂದೊಂದೂ ಗಟ್ಟಿ. ಆದರೆ ಎಲ್ಲವೂ ಆ ಗಂಡುದನಿಯ ಕಾಲದವೇ. ಮುದ್ರಣದ ವರ್ಷವಿಲ್ಲ, ತಬಲಾ ಯಾರದೆಂದಿಲ್ಲ. 1913ರಲ್ಲಿ ಹುಟ್ಟಿದವರ ಹರೆಯ ಎಲ್ಲಿ ಹೋಯಿತು?

ಜನವರಿ 13, ಅಕ್ಕಲಕೋಟೆ

ಸ್ವಾಮಿ ಸಮರ್ಥರ ಗುಡಿಯ ಗರ್ದಿ ದಾಟಿ ಹಳೇ ಪ್ಲೇಟುಗಳ ಕಾಕಾರ ಮನೆ. 1930ರ ದಶಕದಲ್ಲಿ ಎಚ್‌ಎಂವಿ ‘ಗಾಂಧಾರಿ’ ಎಂಬ ಹೆಸರಲ್ಲಿ ತಂದ ಗಂಗೂಬಾಯಿಯವರ ಪ್ಲೇಟಿನ ಮೇಲೆ ಮುಳ್ಳು ಇಟ್ಟರು. ತೆಳ್ಳನೆಯ, ಮೇಲಕ್ಕೆ ಚಿಮ್ಮುವ ಹುಡುಗಿಯ ದನಿ! ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಇಳಿಯಿತು; ಇಳಿದ ದನಿಯಲ್ಲೇ ಅವರು ಕಿರಾನಾ ಘರಾಣೆಯ ದೊಡ್ಡ ಗಾಯಕಿಯಾದರು. ಈ ಮೂರು ಚಿಲ್ಲರೆ ನಿಮಿಷ ಕೇಳದವರಿಗೆ ಅದರ ತೂಕ ತಿಳಿಯುವುದು ಹೇಗೆ?

“ಕರ್‌ಕರ್ ಅನ್ನೋದನ್ನ ಯಾರ್ ತೊಗೋತಾರ ತಮ್ಮಾ?” ಎಂದರು ಕಾಕಾ. ಗೀರಿನ ಸದ್ದು ತೆಗೆಯಲು ಹೋಗಿ ತಂಬೂರಿಯ ಝೇಂಕಾರವನ್ನೂ ತೆಗೆದ ಸಿಡಿಗಳು ನನ್ನ ಕಪಾಟಿನಲ್ಲಿವೆ. ಅವಕ್ಕಿಂತ ಗೀರೇ ವಾಸಿ.

ಅದೇ ರಾತ್ರಿ

ಕುಮಾರ ಗಂಧರ್ವರ ವಿಷಯಕ್ಕೆ ಜಗಳ. ಅವರ ಬಾಲ್ಯದ ಪ್ಲೇಟುಗಳು ಇಂಥ ಸಿಡಿ ಸಂಕಲನಗಳಿಗೆ ಬೇಡವೆಂದು ಕಾಕಾರ ವಾದ. “ಅವು ದೊಡ್ಡೋರ ನಕಲು. ಕ್ಷಯ ವಾಸಿ ಆಗಿ ದೇವಾಸದಾಗ ಎದ್ದು ಹಾಡಿದ ಮ್ಯಾಲೇ ಕುಮಾರ ಕುಮಾರ ಆದ.” ನಾನು ಒಪ್ಪಲಿಲ್ಲ. ಬಲ ಕುಂದಿದ ಎದೆಯಿಂದ ಥಟ್ಟನೆ ಹಾರಿ ಥಟ್ಟನೆ ನಿಲ್ಲುವ ಆ ತಾನುಗಳ ಬೆಲೆ ತಿಳಿಯಬೇಕಾದರೆ, ಸುಳೇಭಾವಿಯ ಹುಡುಗ ಉಸ್ತಾದರ ಗಾಯನವನ್ನು ಇದ್ದಂತೆಯೇ ಒಪ್ಪಿಸುತ್ತಿದ್ದ ಎಂಬುದು ಕಿವಿಗೆ ಗೊತ್ತಿರಬೇಕು. ನಕಲು ಬಿಟ್ಟದ್ದೇ ಅಲ್ಲವೇ ಅವರ ಸಾಧನೆ? ಕಾಕಾ ಉತ್ತರ ಕೊಡದೆ ಚಹಾ ತರಿಸಿದರು.

ಮಲ್ಲಿಕಾರ್ಜುನ ಮನ್ಸೂರರ ಬಗ್ಗೆ ಇಬ್ಬರದೂ ಒಂದೇ ಮಾತು. ನೀಲಕಂಠಬುವಾ ಕಲಿಸಿದ ಗ್ವಾಲಿಯರ್, ಆಮೇಲೆ ಮಂಜೀಖಾನ್, 1937ರಲ್ಲಿ ಅವರು ತೀರಿದ ಮೇಲೆ ಭುರ್ಜೀಖಾನ್. ಕಾಲಕ್ರಮದಲ್ಲಿ ಜೋಡಿಸಿದರೆ ಸಾಕು, ಖಾನರ ಜಯಪುರ-ಅತ್ರೌಲಿ ಘರಾಣೆ ಒಳಸೇರುವುದು ತಾನೇ ಕೇಳಿಸುತ್ತದೆ. ಆದರೆ ಅವರು ಹಾಡಿದ ವಚನಗಳನ್ನು ಭಕ್ತಿಗೀತೆಯೆಂದು ಬೇರೆ ಗಂಟು ಕಟ್ಟಿದರೆ ವಚನಕಾರ ಸಿದ್ಧರಾಮನ ಊರಾದ ಸೊಲ್ಲಾಪುರದವರು ಕ್ಷಮಿಸುವುದಿಲ್ಲ.

ಜನವರಿ 18, ಸೊಲ್ಲಾಪುರ

ಗಾಂಧಾರಿಯ ಪ್ಲೇಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಕಾಕಾ ಒಪ್ಪಿದ್ದಾರೆ. ಪ್ಲೇಟು ಮನೆ ಬಿಟ್ಟು ಹೊರಗೆ ಹೋಗಬಾರದಂತೆ. ಭಾನುವಾರ ಯಂತ್ರವನ್ನೇ ಬಸ್ಸಿನಲ್ಲಿ ಹೊತ್ತೊಯ್ಯಬೇಕು.